ಡೊಂಕು ಎಂದು ಬರೆದ ಚೀಟಿಗಳು

ಕೊರೊನಾ ಬಂದದ್ದಕ್ಕೆ ಹಾಗಾಯಿತು, ಅದಕ್ಕೆ ಯಾರೇನು ಮಾಡಲಿಕ್ಕಾಗುತ್ತಿತ್ತು ಎಂದು ಈಗಲೂ ಯಾರಾದರೂ ನನ್ನೆದುರು ಹೇಳಿದರೆ ಮೈಯೆಲ್ಲ ಉರಿಯುತ್ತದೆ. ಕೊರೊನಾ ನಮ್ಮ ಮಾವನವರನ್ನು ಎರಡು ವಾರ ಆಸ್ಪತ್ರೆಯಲ್ಲಿ ಮಲಗಿಸಿತು, ನಮ್ಮ ಬೀದಿಯಲ್ಲೇ ಇಬ್ಬರನ್ನು ಕರೆದುಕೊಂಡು ಹೋಯಿತು. ಅದರ ಲೆಕ್ಕ ಬೇರೆ. ನನ್ನ ಕೈಗೆ ಪೆನ್ನು ಕೊಟ್ಟು ಸುಳ್ಳು ಬರೆಸಿದವರು ಮಾತ್ರ ಮನುಷ್ಯರು. ಬರೆದವಳು ನಾನು.

ಆಗ ನಾನು ಮಿಡಿಸೌತೆಯನ್ನು ಹೊರದೇಶಕ್ಕೆ ಕಳಿಸುವ ಒಂದು ಕಂಪನಿಯಲ್ಲಿ ಫೀಲ್ಡ್ ಸೂಪರ್‌ವೈಸರ್ ಆಗಿದ್ದೆ. ನನ್ನ ತವರು ಹೊಳಲ್ಕೆರೆ ಕಡೆ, ಕೊಟ್ಟದ್ದು ಹೊಸದುರ್ಗಕ್ಕೆ. ಮಗಳನ್ನು ಶಾಲೆಗೆ ಸೇರಿಸಿದ ಮೇಲೆ ಸಿಕ್ಕ ಮೊದಲ ಕೆಲಸ ಅದು. ಮತ್ತೋಡು ಹೋಬಳಿಯ ಐದು ಹಳ್ಳಿಗಳು ನನ್ನ ಪಾಲಿಗೆ ಬಂದಿದ್ದವು. ಸ್ಕೂಟಿಯಲ್ಲಿ ಹೊಲ ಹೊಲ ಸುತ್ತಿ ರೈತರನ್ನು ಒಪ್ಪಿಸಬೇಕು, ಬೀಜ ಕೊಡಬೇಕು, ಯಾವ ದಿನ ಯಾವ ಔಷಧಿ ಎಂದು ಹೇಳಬೇಕು. ಬೆಳೆ ಬಂದ ಮೇಲೆ ದಿನಾ ಸಂಜೆ ಕಲೆಕ್ಷನ್ ಸೆಂಟರಿನಲ್ಲಿ ಕೂತು ಕಾಯಿ ಆರಿಸಿ ತೂಕ ಹಾಕಿಸಬೇಕು. ಅಲ್ಲಿಂದ ಲಾರಿ ಹಿರಿಯೂರಿನ ಆಚೆ ಹೆದ್ದಾರಿ ಬದಿಯಲ್ಲಿದ್ದ ಫ್ಯಾಕ್ಟರಿಗೆ ಹೋಗುತ್ತಿತ್ತು. ಅಲ್ಲಿ ಕಾಯಿಗಳನ್ನು ತೊಳೆದು, ಉಪ್ಪುನೀರು ವಿನೆಗರ್ ಹಾಕಿದ ನೀಲಿ ಡ್ರಮ್ಮುಗಳಿಗೆ ತುಂಬಿ, ಕಬ್ಬಿಣದ ದೊಡ್ಡ ಡಬ್ಬದಂಥ ಕಂಟೇನರ್‌ನಲ್ಲಿಟ್ಟು ಚೆನ್ನೈ ಬಂದರಿಗೆ ಕಳಿಸುತ್ತಿದ್ದರು. ಮುಂದೆ ಹಡಗು. ರಷ್ಯಾ, ಜರ್ಮನಿ, ಅಮೆರಿಕ.

ನಮ್ಮ ಕಡೆ ಯಾರೂ ತಿನ್ನದ ಕಾಯಿ ಅದು. ಊರವರು ಅದಕ್ಕೆ 'ಜರ್ಕಿನ್' ಎನ್ನುತ್ತಿದ್ದರು. ಕಿರುಬೆರಳಿನಷ್ಟಿದ್ದಾಗ ಕಿತ್ತರೆ ಮೊದಲ ದರ್ಜೆ. ಒಂದು ರಾತ್ರಿ ಬಳ್ಳಿಯಲ್ಲಿ ಉಳಿಯಿತೋ, ಬೆಳಗ್ಗೆ ಹೆಬ್ಬೆರಳಾಗಿರುತ್ತದೆ. ಇನ್ನೆರಡು ದಿನ ಬಿಟ್ಟರೆ ಕೇಳುವವರೇ ಇಲ್ಲ. ಹಬ್ಬ ಇರಲಿ, ಸಾವು ಇರಲಿ, ಕೊಯ್ಲಿನ ಆ ಒಂದೂವರೆ ತಿಂಗಳು ದಿನಾ ಬಗ್ಗಿ ಎಲೆ ಸರಿಸಿ ಕೀಳಲೇಬೇಕು. ಕಾಯಿಯ ಮೇಲಿನ ಸಣ್ಣ ಮುಳ್ಳುಗಳು ಅಂಗೈಗೆ ಹತ್ತಿ ರಾತ್ರಿಯೆಲ್ಲ ಕಡಿತ. ಈ ಕೆಲಸ ಮಾಡುತ್ತಿದ್ದವರು ಹೆಚ್ಚಾಗಿ ಹೆಂಗಸರು.

ಅವರಲ್ಲಿ ಒಬ್ಬಾಕೆಯನ್ನು ಒಪ್ಪಿಸಿದ್ದು ನಾನೇ. ಕುರಿ ಸಾಕುವ ಮನೆಯವಳು, ನನಗಿಂತ ಹತ್ತು ವರ್ಷ ದೊಡ್ಡವಳು, ನಾನು ಅಕ್ಕ ಎನ್ನುತ್ತಿದ್ದೆ. ಗಂಡ ಕುರಿಮಂದೆ ಹೊಡೆದುಕೊಂಡು ತಿಂಗಳುಗಟ್ಟಲೆ ಊರೂರು ಹೋಗುತ್ತಿದ್ದ. ಗಬ್ಬದ ಕುರಿಗಳನ್ನೂ ಮರಿಗಳನ್ನೂ ಮನೆಯ ಹತ್ತಿರ ಇಟ್ಟುಕೊಂಡು ಒಂದೂವರೆ ಎಕರೆ ಹೊಲ ನೋಡಿಕೊಳ್ಳುವುದು ಆಕೆಯ ಪಾಲಿನ ಕೆಲಸ. ಮೊದಲ ಸಲ ಹೋದಾಗ ಬೀಜದ ಪ್ಯಾಕೆಟ್ಟನ್ನು ತಿರುಗಿಸಿ ಮುರುಗಿಸಿ ನೋಡಿದಳು.

"ನಾವು ತಿನ್ನಲ್ಲ, ನಮ್ಮ ಸಂತೇಲಿ ಯಾರೂ ಕೊಳ್ಳಲ್ಲ. ನಿಮ್ಮ ಕಂಪ್ನಿಯೋರು ಒಂದಿನ ಒಲ್ಲೆ ಅಂದ್ರೆ ನಾನು ಇದನ್ನ ಎಲ್ಲಿಗೆ ಹೊತ್ಕಂಡು ಹೋಗ್ಲಿ ತಂಗೀ?"

"ಒಳ್ಳೆ ಕಾಯಿ ಪೂರ್ತಿ ತಗೊಳ್ತೀವಿ ಅಂತ ಅಗ್ರಿಮೆಂಟೇ ಇದೆ ಅಕ್ಕ" ಎಂದೆ. ಕಾಗದ ತೆಗೆದು ಆ ಸಾಲಿನ ಮೇಲೆ ಬೆರಳಿಟ್ಟು ಓದಿ ಹೇಳಿದೆ. ಆಕೆ ಕೇಳಿದ್ದು ಅಷ್ಟು ಸರಿಯಾದ ಪ್ರಶ್ನೆ ಎಂದು ನನಗೆ ಆಗ ಅನ್ನಿಸಲಿಲ್ಲ.

ಎರಡು ಬೆಳೆ ಚೆನ್ನಾಗಿ ನಡೆಯಿತು. ಲಾಕ್‌ಡೌನ್ ಬಂದಾಗಲೂ ನಮ್ಮ ಲಾರಿಗೆ ಪಾಸ್ ಸಿಕ್ಕಿತು. ಊರಿಗೆ ಊರೇ ಬಾಗಿಲು ಹಾಕಿಕೊಂಡಿದ್ದಾಗ ನಮ್ಮ ಲಾರಿ ಮಾತ್ರ ಪೊಲೀಸರ ಬ್ಯಾರಿಕೇಡ್ ದಾಟಿ ಹೋಗುತ್ತಿತ್ತು. ನನಗೆ ಒಂಥರಾ ಜಂಬ. "ಇದು ತಿನ್ನೋ ಪದಾರ್ಥ, ನಿಲ್ಲಲ್ಲ" ಎಂದು ಐದೂ ಹಳ್ಳಿಗಳಲ್ಲಿ ಹೇಳಿಕೊಂಡು ತಿರುಗಿದೆ. ಆ ವರ್ಷದ ಕೊನೆಯಲ್ಲಿ ಬೀಜ ಹಂಚುವಾಗ, ಹಿಂದಿನ ಸಲಕ್ಕಿಂತ ಜಾಸ್ತಿ ಹಂಚಿ ಎಂದು ಮ್ಯಾನೇಜರು ಹೇಳಿದರು. ಹಂಚಿದೆ. ಅಕ್ಕ ಹೋದ ಸಲ ಅರ್ಧ ಎಕರೆ ಹಾಕಿದ್ದವಳು ಈ ಸಲ ಒಂದು ಎಕರೆ ಹಾಕಿದಳು.

ಕೊಯ್ಲು ಶುರುವಾಗಿ ವಾರವಾಗಿತ್ತು. ಒಂದು ಬೆಳಗ್ಗೆ ಮಗಳಿಗೆ ಆನ್‌ಲೈನ್ ಕ್ಲಾಸು ಹಾಕಿಕೊಡುತ್ತಿದ್ದಾಗ ಮ್ಯಾನೇಜರ ಫೋನು ಬಂತು.

"ಮೇಡಂ, ಇವತ್ತಿಂದ ನಿಮ್ಮ ಸೆಂಟರಲ್ಲಿ ಅರ್ಧ ಮಾಲು ಮಾತ್ರ ತಗೊಳ್ಳಿ."

"ಯಾಕೆ ಸರ್? ಬೆಳೆ ಈಗ ಭರ್ತಿ ಕೊಯ್ಲಲ್ಲಿದೆ."

"ಕಂಟೇನರ್ ಸಿಗ್ತಿಲ್ಲ. ಡ್ರಮ್ಮೆಲ್ಲ ಇಲ್ಲೇ ಕೂತಿದಾವೆ. ಆದ್ರೆ ಅದನ್ನ ರೈತರ ಹತ್ರ ಹೇಳೋಕೆ ಹೋಗ್ಬೇಡಿ. ಕ್ವಾಲಿಟಿ ಮೇಲೆ ರಿಜೆಕ್ಟ್ ಮಾಡಿ. ಡೊಂಕು ಅಂತ ಬರೀರಿ, ಹುಳ ಅಂತ ಬರೀರಿ, ಏನಾದ್ರೂ ಬರೀರಿ."

"ಚೆನ್ನಾಗಿರೋದನ್ನ ಹೇಗೆ ಸರ್..."

"ಒಳ್ಳೆ ಮಾಲು ಪೂರ್ತಿ ತಗೋಬೇಕು ಅಂತ ಅಗ್ರಿಮೆಂಟಲ್ಲಿ ಇದ್ಯಲ್ಲ ಮೇಡಂ? ಒಳ್ಳೇದಲ್ಲ ಅಂದ್ರೆ ತಾನೇ ಬಿಡೋಕಾಗೋದು? ಸ್ವಲ್ಪ ಅರ್ಥ ಮಾಡ್ಕೊಳ್ಳಿ. ಒಂದು ವಾರದ ಮಾತು."

ಅಗ್ರಿಮೆಂಟಿನ ಆ ಸಾಲನ್ನು ಅವರೂ ನನ್ನ ಹಾಗೆಯೇ ಸರಿಯಾಗಿ ಓದಿಕೊಂಡಿದ್ದರು. ಆಗುವುದಿಲ್ಲ ಎನ್ನಬಹುದಿತ್ತು. ಅನ್ನಲಿಲ್ಲ. ನನ್ನ ಗಂಡ ಕೆಲಸ ಮಾಡುತ್ತಿದ್ದ ಅಂಗಡಿ ಲಾಕ್‌ಡೌನಿನಲ್ಲಿ ಮುಚ್ಚಿದ್ದು ಮತ್ತೆ ತೆರೆದಿರಲಿಲ್ಲ. ಇದನ್ನು ನೆಪವಾಗಿ ಹೇಳುತ್ತಿಲ್ಲ. ಆದದ್ದನ್ನು ಹೇಳುತ್ತಿದ್ದೇನೆ.

ಅವತ್ತು ಸಂಜೆ ಮೊದಲು ಬಂದವಳು ಅಕ್ಕನೇ. ಮೈದುನನ ಆಪೆ ಆಟೊದಲ್ಲಿ ನಾಲ್ಕು ಕ್ರೇಟು ತಂದಿದ್ದಳು. ಕಾಯಿಗಳ ಅಳತೆ ನೋಡಲು ನಮ್ಮ ಹತ್ತಿರ ತೂತುಗಳಿದ್ದ ಒಂದು ಪ್ಲಾಸ್ಟಿಕ್ ತಟ್ಟೆ ಇರುತ್ತಿತ್ತು. ಆಕೆಯ ಕಾಯಿಗೆ ಆ ತಟ್ಟೆಯೇ ಬೇಕಿರಲಿಲ್ಲ, ಕಣ್ಣಲ್ಲೇ ಅಳೆದು ಕೀಳುವುದನ್ನು ಕಲಿತಿದ್ದಳು. ಎರಡು ಕ್ರೇಟು ತೂಕಕ್ಕೆ ಹಾಕಿಸಿದೆ. ಉಳಿದ ಎರಡನ್ನು ಪಕ್ಕಕ್ಕೆ ಸರಿಸಿ, ರೈತರಿಗೆ ಕೊಡುವ ಚೀಟಿಯಲ್ಲಿ 'ಡೊಂಕು' ಎಂದು ಬರೆದೆ.

ಅಕ್ಕ ಕ್ರೇಟಿನಿಂದ ಒಂದು ಕಾಯಿ ತೆಗೆದು, ನಾನು ಬರೆಯುತ್ತಿದ್ದ ಚೀಟಿಯ ಮೇಲೆ ಪೆನ್ನಿನ ಪಕ್ಕಕ್ಕೇ ಇಟ್ಟಳು. ಪೆನ್ನಿನಷ್ಟೇ ನೆಟ್ಟಗಿತ್ತು.

"ಇದು ಡೊಂಕಾ? ನಿನ್ನೆ ಇದೇ ಬಳ್ಳಿ ಕಾಯಿ ತಗಂಡ್ಯಲ್ಲ ತಂಗೀ."

"ಒಳಗೆ ನೋಡಿ ಅಕ್ಕ, ಡೊಂಕಿರೋವು ಜಾಸ್ತಿ ಅವೆ. ಈ ಸಲ ಫ್ಯಾಕ್ಟರೀಲಿ ಸ್ಟ್ರಿಕ್ಟ್ ಮಾಡಿದಾರೆ."

ಜಗಳ ಆಡುತ್ತಾಳೆ ಎಂದುಕೊಂಡಿದ್ದೆ. ಜಗಳ ಆಡಿದ್ದರೆ ಎಷ್ಟೋ ಚೆನ್ನಾಗಿತ್ತು. ಆಕೆ ಕ್ರೇಟನ್ನೇ ನೋಡುತ್ತಾ ಸಣ್ಣ ದನಿಯಲ್ಲಿ ಕೇಳಿದಳು: "ನೀರು ಕಮ್ಮಿ ಆತೇನೋ. ಮೊನ್ನೆ ಕರೆಂಟ್ ಇರ್ಲಿಲ್ಲ. ನಂದೇ ತಪ್ಪಿರ್ಬೇಕು, ಅಲ್ವಾ?"

"ಇರಬಹುದು" ಎಂದೆ.

ಆ ಒಂದು ಮಾತಿಗಾಗಿ ನಾನು ನನ್ನನ್ನು ಇವತ್ತಿಗೂ ಕ್ಷಮಿಸಿಲ್ಲ.

ಮಾರನೆಯ ದಿನದಿಂದ ಆಕೆ ತನ್ನದಲ್ಲದ ತಪ್ಪನ್ನು ತಿದ್ದಲು ಹೊರಟಳು. ಹೊತ್ತು ಹುಟ್ಟುವ ಮೊದಲೇ ನೀರು ಬಿಟ್ಟಳು. ಬೆಳಗ್ಗೆ ಒಂದು ಸಲ, ಮಧ್ಯಾಹ್ನದ ಮೇಲೆ ಇನ್ನೊಂದು ಸಲ ಕಿತ್ತಳು. ಕಾಯಿ ನೆಲಕ್ಕೆ ತಾಗಿ ಬಗ್ಗಬಾರದೆಂದು ಇಡೀ ಎಕರೆಯ ಬಳ್ಳಿಗಳಿಗೆ ದಾರ ಬಿಗಿದು ಕಟ್ಟಿದಳು. ಮನೆಯಲ್ಲೇ ಆರಿಸಿ ತರುತ್ತೇನೆ, ಆ ತಟ್ಟೆ ಒಂದು ಕೊಡು ಎಂದು ಕೇಳಿದಳು. ಕೊಟ್ಟೆ! ಒಂದೊಂದು ಕಾಯಿಯನ್ನೂ ಅದರಲ್ಲಿ ತೂರಿಸಿ ನೋಡಿ ತರುತ್ತಿದ್ದಳು. ಎಲ್ಲರದರಂತೆ ಆಕೆಯದರಲ್ಲೂ ನಾನು ಮತ್ತೆ ಅರ್ಧವನ್ನು ಪಕ್ಕಕ್ಕೆ ಸರಿಸುತ್ತಿದ್ದೆ. ದಿನಾ ಡೊಂಕು ಎಂದೇ ಬರೆದರೆ ಅನುಮಾನ ಬರುತ್ತದೆಂದು ಒಂದು ದಿನ 'ಹುಳ' ಎಂದು ಬರೆದೆ.

ಇನ್ನೂ ನಾಲ್ಕು ದಿನ ಹಾಗೇ ಕಳೆಯಿತು. ಐದನೆಯ ದಿನ ಆಕೆ ಸೆಂಟರಿಗೆ ಬರಲಿಲ್ಲ. ಮೈದುನ ಬಂದು, ಮನೆ ಹತ್ತಿರ ಒಂದು ಕುರಿ ಸತ್ತಿದೆ ಎಂದ. ಮರುದಿನ ಬೆಳಗ್ಗೆ ಹೋದೆ. ಹೊಲದ ಬದುವಿನ ಮೇಲೆ ನಾನು ವಾಪಸು ಕಳಿಸಿದ ಕಾಯಿಗಳ ರಾಶಿ ಹಳದಿಯಾಗಿ ಕೊಳೆಯುತ್ತಿತ್ತು. ಅದರಾಚೆ ಜಾಲಿಮುಳ್ಳಿನ ಬೇಲಿ. ಬೇಲಿಯೊಳಗೆ ಕುರಿಗಳು ಅರಚುತ್ತಿದ್ದವು. ಅಕ್ಕ ಜಗಲಿಯ ಮೇಲೆ ಕೂತಿದ್ದಳು.

"ಬಾ, ಕುಂತ್ಕ" ಎಂದಳು. ಆಮೇಲೆ ಆದದ್ದು ಹೇಳಿದಳು. ಹುಳ ಬಿದ್ದಿದೆ ಎಂದು ನಾನು ಬರೆದುಕೊಟ್ಟಿದ್ದೆನಲ್ಲ, ಅದಕ್ಕೆ ಹೊಸದುರ್ಗದಿಂದ ಔಷಧಿ ತರಿಸಿ, ಬಳ್ಳಿಗೂ ಹೊಡೆದು, ಹುಳ ಹರಡಬಾರದೆಂದು ರಾಶಿಗೂ ಹೊಡೆದಿದ್ದಳು. ಕುರಿಗಳು ಆ ಕಡೆ ಹೋಗದ ಹಾಗೆ ಮುಳ್ಳು ಕಟ್ಟಿದ್ದಳು. ಆದರೂ ಒಂದು ಗಬ್ಬದ ಕುರಿ ಸಂದಿಯಲ್ಲಿ ನುಸುಳಿ ರಾಶಿಗೆ ಬಾಯಿ ಹಾಕಿತು. ಬಾಯಲ್ಲಿ ನೊರೆ ಬಂತು. ದನದ ಡಾಕ್ಟರು ಬರುವಷ್ಟರಲ್ಲಿ ಕಾಲು ಬಡಿದುಕೊಂಡು ಸತ್ತಿತು. ಹೊಟ್ಟೆಯಲ್ಲಿ ಎರಡು ಮರಿ ಇದ್ದವಂತೆ.

"ಕೈಯಾರೆ ಸಾಕಿದ್ದು. ತಾಯಿ ಸತ್ತಿತ್ತು ಅಂತ ಬಾಟ್ಲೀಲಿ ಹಾಲು ಕುಡಿಸಿ ಬೆಳಸಿದ್ದೆ" ಎಂದಳು.

ಜಗಲಿಯಿಂದ ಎದ್ದೆ. ಸ್ಕೂಟಿ ಹತ್ತಿ, ಹೊಸದುರ್ಗದ ಮನೆಗೆ ಹೋಗದೆ, ನೆಟ್ಟಗೆ ಹಿರಿಯೂರಿನ ದಾರಿ ಹಿಡಿದೆ. ದಾರಿಯುದ್ದಕ್ಕೂ ಮ್ಯಾನೇಜರಿಗೆ ಏನೇನು ಬೈಯಬೇಕೆಂದು ಹೆಲ್ಮೆಟ್ಟಿನೊಳಗೆ ಗಟ್ಟಿಯಾಗಿಯೇ ಹೇಳಿಕೊಳ್ಳುತ್ತಿದ್ದೆ.

ಫ್ಯಾಕ್ಟರಿಯ ಅಂಗಳದಲ್ಲಿ ನೀಲಿ ಡ್ರಮ್ಮುಗಳು ಒಂದರ ಮೇಲೊಂದು ಗೋಡೆಯ ಎತ್ತರಕ್ಕೆ ನಿಂತಿದ್ದವು. ಶೆಡ್ಡಿನಲ್ಲಿ ಜಾಗ ಸಾಲದೆ ಬಿಸಿಲಿನಲ್ಲೇ ತಾಡಪಾಲು ಹೊದಿಸಿದ್ದರು. ಮ್ಯಾನೇಜರು ಊಟಕ್ಕೆ ಹೋಗಿದ್ದರು. ಬಂದರಿನ ಕಾಗದಪತ್ರ ನೋಡಿಕೊಳ್ಳುತ್ತಿದ್ದ ಗುಮಾಸ್ತರು ಒಬ್ಬರೇ ಕೂತಿದ್ದರು. ಚಿತ್ರದುರ್ಗದವರು, ರಿಟೈರಾಗುವ ವಯಸ್ಸು. ಮಾಸ್ಕನ್ನು ಗದ್ದಕ್ಕೆ ಎಳೆದುಕೊಂಡು ಚಹಾ ಕುಡಿಯುತ್ತಿದ್ದರು.

"ಪ್ರಪಂಚದಲ್ಲಿ ಒಂದು ಕಬ್ಬಿಣದ ಡಬ್ಬಕ್ಕೂ ಬರಗಾಲ ಬಂತಾ ಸರ್?" ಎಂದು ನಿಂತೇ ಕೇಳಿದೆ.

"ಕುಂತ್ಕಳ್ರಿ ಮೊದ್ಲು" ಎಂದರು. ಮೊಬೈಲಿನಲ್ಲಿ ಒಂದು ನಕಾಶೆ ತೋರಿಸಿದರು. ಯಾವುದೋ ಅಮೆರಿಕದ ಬಂದರಿನ ಹೊರಗೆ ಹಡಗುಗಳು ಸಾಲಾಗಿ ನಿಂತಿದ್ದವು. "ಇಳಿಸೋಕೆ ಜನ ಇಲ್ಲ, ಹಂಗಾಗಿ ಅಲ್ಲಿ ಹೋದ ಡಬ್ಬ ತಿರುಗಿ ಬರೋದು ತಡ. ಇದು ಕೊರೊನಾ ಮಾಡಿದ್ದು, ಒಪ್ಕತೀನಿ. ಆದ್ರೆ ಬಿಡುಗಡೆ ಆದ ಡಬ್ಬ ಎಲ್ಲಿಗೆ ಹೋಗ್ತಾವೆ ಗೊತ್ತೇನು? ಖಾಲೀನೇ ಚೀನಾಕ್ಕೆ ಓಡಿಸ್ತಾರೆ. ಅಲ್ಲಿಂದ ಟೀವಿ, ಆಟದ ಸಾಮಾನು ತುಂಬಿ ಅಮೆರಿಕಕ್ಕೆ ಕಳಿಸಿದ್ರೆ ಬಾಡಿಗೆ ನಾಕೈದು ಪಟ್ಟು. ನಮ್ಮ ಉಪ್ಪುನೀರಿನ ಡ್ರಮ್ ತುಂಬೋವರೆಗೂ ಕಾಯೋಕೆ ಯಾರಿಗೆ ಪುರಸೊತ್ತು ಐತೆ?"

"ಇದು ನಿಮಗೆ ಯಾವಾಗಿಂದ ಗೊತ್ತು?"

ಅವರು ಚಹಾದ ಲೋಟ ಕೆಳಗಿಟ್ಟರು. ಬಾಗಿಲ ಕಡೆ ನೋಡಿದರು.

"ನೀವು ಬೀಜ ಹಂಚೋಕ್ಕಿಂತ ಮುಂಚೆನೇ ಗೊತ್ತಿತ್ತು. ಈ ಸಲ ಬಿತ್ತನೆ ಕಮ್ಮಿ ಮಾಡ್ಸಿ ಅಂತ ನಾನೇ ಬರೆದು ಕೊಟ್ಟಿದ್ದೆ. ಜಾಸ್ತಿ ಮಾಡ್ಸಿದ್ರು."

ಆಗ ಮ್ಯಾನೇಜರು ಒಳಗೆ ಬಂದರು. ದಾರಿಯಲ್ಲಿ ಹೇಳಿಕೊಂಡು ಬಂದ ಬೈಗುಳ ಒಂದೂ ನೆನಪಾಗಲಿಲ್ಲ. "ಗೊತ್ತಿದ್ದೂ ಬೀಜ ಯಾಕೆ ಕೊಟ್ರಿ?" ಎಂದಷ್ಟೇ ಕೇಳಿದೆ. ಅವರು ಸ್ಯಾನಿಟೈಸರ್ ಹಾಕಿಕೊಂಡು ಕೈ ಉಜ್ಜುತ್ತಾ, ಮಕ್ಕಳಿಗೆ ಪಾಠ ಹೇಳುವವರ ಹಾಗೆ ಹೇಳಿದರು:

"ನೋಡಿ ಮೇಡಂ, ನಡುವೆ ಎಲ್ಲಾದ್ರೂ ಕಂಟೇನರ್ ಸಿಕ್ಬಿಟ್ರೆ ಆಗ ಮಾಲಿಗೆ ಎಲ್ಲಿ ಹೋಗೋದು? ಮಾಲು ರೆಡಿ ಇರಬೇಕಲ್ವಾ? ಸಿಗಲಿಲ್ಲ ಅಂದ್ರೆ ರಿಜೆಕ್ಟ್ ಮಾಡ್ತೀವಿ. ಇಡೀ ಪ್ರಪಂಚಕ್ಕೆ ಬಂದಿರೋ ಕಷ್ಟ, ನೀವು ಎಮೋಷನಲ್ ಆಗ್ಬೇಡಿ."

ಅಷ್ಟು ಸಲೀಸಾಗಿ ಹೇಳಿದರು. ಕಂಟೇನರ್ ಸಿಕ್ಕರೆ ಅವರಿಗೆ ಲಾಭ. ಸಿಗದಿದ್ದರೆ ಬದುವಿನ ಮೇಲೆ ಕೊಳೆಯುವುದು ಅವರ ಬೆಳೆಯಲ್ಲ, ಬೆನ್ನು ಮುರಿದುಕೊಂಡು ಕಿತ್ತದ್ದು ಅವರಲ್ಲ. ಬೇಕಾದಾಗ ತೆಗೆದುಕೊಳ್ಳಲಿಕ್ಕೆ ಇರಲಿ ಎಂದು ಒಂದು ಹೋಬಳಿಯ ಹೊಲಗಳನ್ನೇ ತಮ್ಮ ಗೋದಾಮು ಮಾಡಿಕೊಂಡಿದ್ದರು. ಕೊರೊನಾ ಎಂಬ ಒಂದು ಪದ ಅವರಿಗೆ ಎಲ್ಲಕ್ಕೂ ಸಾಕಾಗುತ್ತಿತ್ತು. ಆ ಗೋದಾಮಿನ ಬಾಗಿಲು ಕಾಯುತ್ತಿದ್ದವಳು ನಾನು. ಟೇಬಲ್ಲಿನ ಮೇಲಿದ್ದ ಸ್ಯಾಂಪಲ್ ಬಾಟಲಿ ತೆಗೆದು ಗೋಡೆಗೆ ಎಸೆಯಬೇಕೆನ್ನಿಸಿತು. ಎಸೆಯಲಿಲ್ಲ. ಹೊರಗೆ ಬಂದು ಸ್ಕೂಟಿ ಹತ್ತಿದೆ.

ಬಿಸಿಲು ಇಳಿಯುವ ಮೊದಲೇ ಅಕ್ಕನ ಮನೆಗೆ ವಾಪಸು ಬಂದೆ. ಜಗಲಿಯ ಕೆಳಗೇ ನಿಂತು ಎಲ್ಲವನ್ನೂ ಹೇಳಿದೆ. ಡೊಂಕು ಇರಲಿಲ್ಲ, ಹುಳ ಇರಲಿಲ್ಲ, ನೀರಿನ ತಪ್ಪೂ ಅಲ್ಲ, ಹಡಗಿಗೆ ತುಂಬುವ ಡಬ್ಬ ಸಿಗಲಿಲ್ಲ, ಅದನ್ನು ಮುಚ್ಚಿಡಲು ನಾನು ಸುಳ್ಳು ಬರೆದೆ.

ಅಕ್ಕ ಹುರುಳಿ ಹಸನು ಮಾಡುತ್ತಿದ್ದಳು. ಮೊರ ಆಡಿಸುವುದನ್ನು ನಿಲ್ಲಿಸಲಿಲ್ಲ.

"ಹುಳ ಇರ್ಲಿಲ್ಲ ಅಂದ್ಮೇಲೆ ನಾನು ಔಷಧಿ ಯಾಕೆ ಹೊಡದೆ?" ಎಂದು ಕೊನೆಗೆ ಕೇಳಿದಳು.

ಆಮೇಲೆ ನನ್ನ ಕಡೆ ತಿರುಗಿದಳು.

"ನನ್ನ ಮಕ ನೋಡ್ಕಂತಾನೇ ಬರದ್ಯಲ್ಲ. ನಂದೇ ತಪ್ಪಿರ್ಬೇಕು ಅಂದಾಗ ಇರಬಹುದು ಅಂದೆ. ಆಮ್ಯಾಕೆ ಅಳೆಯೋ ತಟ್ಟೇನೂ ಕೊಟ್ಟೆ, ಕುಂತು ಅಳೀಲಿ ಮುಂಡೇದು ಅಂತ." ಮೊರ ಕೆಳಗಿಟ್ಟಳು. ದನಿ ಏರಿತು. "ಡಬ್ಬ ಇಲ್ಲ ಅಂತ ಮೊದ್ಲ ದಿನಾನೇ ಹೇಳಿದ್ರೆ ಏನಾಗ್ತಿತ್ತು ನಿನಗೆ? ಔಷಧಿ ಮುಟ್ಟಿಸದಂಗೆ ಕಾಯಿ ಕುರಿಗೆ ಹಾಕ್ತಿದ್ದೆ. ಕುರಿನಾದ್ರೂ ತಿಂತಿದ್ವು!"

ಆಮೇಲೆ "ಹೋಗಮ್ಮ, ಹೋಗು. ನನ್ನ ಕಣ್ಣೆದ್ರಿಗೆ ನಿಂತ್ಕಬ್ಯಾಡ" ಎಂದು ಎದ್ದು ಒಳಗೆ ಹೋದಳು.

ಮಾರನೆಯ ಸಂಜೆ ಸೆಂಟರಿನ ಮುಂದೆ ಊರಿನ ಬೆಳೆಗಾರರೆಲ್ಲ ಸೇರಿದ್ದರು. ಅಕ್ಕನೇ ಮನೆಮನೆಗೆ ಹೋಗಿ ಹೇಳಿ ಕರೆತಂದಿದ್ದಳು. ಹೊಡೆಯುತ್ತಾರೇನೋ ಎಂದು ಹೆದರಿದೆ. ಹೊಡೆಯಲಿಲ್ಲ. ಅಕ್ಕ ತನ್ನ ಕ್ರೇಟು ನನ್ನ ಮುಂದಿಟ್ಟು, "ಇವತ್ತು ಇದ್ದದ್ದು ಇದ್ದಂಗೆ ಬರಿ" ಎಂದಳು.

ಬರೆದೆ. ಒಂದೊಂದು ಚೀಟಿಯ ಮೇಲೂ 'ಮಾಲು ಮೊದಲ ದರ್ಜೆ. ಕಂಟೇನರ್ ಇಲ್ಲದ ಕಾರಣ ವಾಪಸ್' ಎಂದು ಬರೆದು ರುಜು ಹಾಕಿದೆ. ಅಷ್ಟಕ್ಕೆ ಅವರು ಬಿಡಲಿಲ್ಲ. ಹಳೆಯ ಚೀಟಿಗಳನ್ನೂ ತಂದಿದ್ದರು. ಅವುಗಳ ಹಿಂದೆ, ಮುಂಬದಿಯಲ್ಲಿ ಬರೆದದ್ದು ಸುಳ್ಳು ಎಂದು ಬರೆಸಿದರು. ಕತ್ತಲಾಗುವವರೆಗೂ ಬರೆದೆ. ಅಷ್ಟು ಚೀಟಿ ಎದುರಿಗೆ ಬಿದ್ದಾಗಲೇ ನಾನು ಎಷ್ಟು ಸುಳ್ಳು ಬರೆದಿದ್ದೆ ಎಂಬುದು ನನಗೆ ಕಂಡದ್ದು.

ಎರಡು ದಿನದ ನಂತರ ಎರಡು ಟ್ರ್ಯಾಕ್ಟರಿನಲ್ಲಿ ಅವರೆಲ್ಲ ಫ್ಯಾಕ್ಟರಿ ಗೇಟಿಗೆ ಹೋದರು. ನಾನೂ ಸ್ಕೂಟಿಯಲ್ಲಿ ಹಿಂದೆ ಹೋದೆ. ನನ್ನನ್ನು ಯಾರೂ ಕರೆದಿರಲಿಲ್ಲ, ಬೇಡ ಎಂದೂ ಅನ್ನಲಿಲ್ಲ. ಪೊಲೀಸರು ಬಂದು, ಅಂತರ ಇರಲಿ, ಗುಂಪು ಕೂಡಬೇಡಿ ಎಂದರು. ಸರಿ ಎಂದು ಆರಾರು ಅಡಿ ಬಿಟ್ಟು ಕೂತರು. ಸಾಲು ಗೇಟಿನಿಂದ ಹೆದ್ದಾರಿಯವರೆಗೆ ಬೆಳೆಯಿತು. ಲಾರಿಗಳು ಒಳಗೂ ಹೋಗದ ಹಾಗೆ, ಹೊರಗೂ ಬರದ ಹಾಗೆ ಆಯಿತು. ಮ್ಯಾನೇಜರು ಗೇಟಿನ ಸಂದಿಯಿಂದ, ಪ್ರಪಂಚವೇ ನಿಂತುಹೋಗಿದೆ, ನಾವೇನು ಮಾಡೋಣ ಎಂದರು. ಅಕ್ಕ ಚೀಟಿಗಳ ಕಟ್ಟನ್ನು ಎತ್ತಿ ಹಿಡಿದು, "ಪ್ರಪಂಚ ನಿಂತೈತೆ ಅಂತ ಇದ್ರಾಗೆ ಎಲ್ಲಿ ಬರ್ಸಿದೀಯಪ್ಪ? ಓದು" ಎಂದಳು.

ಸಂಜೆಯ ಹೊತ್ತಿಗೆ ಕಂಪನಿ ಒಪ್ಪಿತು. ಉಳಿದ ಕೊಯ್ಲಿನ ಕಾಯಿಯನ್ನು ಪೂರ್ತಿ ತೆಗೆದುಕೊಂಡು, ಕಂಟೇನರ್ ಸಿಗಲಿ ಬಿಡಲಿ, ತಮ್ಮ ಡ್ರಮ್ಮಿನಲ್ಲಿ ಇಟ್ಟುಕೊಳ್ಳುವುದು ಎಂದಾಯಿತು. ಹಾಗೇ ನಡೆಯಿತು ಕೂಡ. ಅಂದರೆ ಡ್ರಮ್ಮು ಇದ್ದವು, ಜಾಗವೂ ಇತ್ತು! ಮೊದಲೇ ಮಾಡಬಹುದಾಗಿದ್ದ ಕೆಲಸ ಅದು. ಅದನ್ನು ನೆನೆದರೆ ಮತ್ತೆ ಸಿಟ್ಟು ನೆತ್ತಿಗೇರುತ್ತದೆ. ಆವರೆಗೆ ಕೊಳೆತದ್ದಕ್ಕೆ, ಸತ್ತ ಕುರಿಗೆ ಏನೂ ಇಲ್ಲ. ನನ್ನ ಕೆಲಸ ಹೋದದ್ದು ಮರುದಿನ ಮೊಬೈಲಿಗೆ ಬಂದ ಎರಡು ಸಾಲಿನಲ್ಲಿ ಗೊತ್ತಾಯಿತು. ಆ ಗುಮಾಸ್ತರು ರಿಟೈರಾದರಂತೆ.

ಅಕ್ಕ ಮತ್ತೆ ಮಿಡಿಸೌತೆ ಹಾಕಲಿಲ್ಲ. ಈಗ ರಾಗಿ, ಹುರುಳಿ, ಸ್ವಲ್ಪ ಟೊಮೆಟೊ. ಹೊಸದುರ್ಗದ ಬಸ್‌ಸ್ಟ್ಯಾಂಡಿನಲ್ಲಿ ಒಮ್ಮೆ ಸಿಕ್ಕಿದ್ದಳು. ಮಗಳು ಯಾವ ಕ್ಲಾಸು ಎಂದು ಕೇಳಿದಳು. ಹೇಳಿದೆ. ಕುರಿಗಳು ಹೇಗಿವೆ ಎಂದು ಕೇಳಲು ನನಗೆ ಬಾಯಿ ಬರಲಿಲ್ಲ. ಬಸ್ಸು ಬಂದಾಗ ಆಕೆ ಹತ್ತಿ, ನನಗೆ ಕಾಣದ ಆ ಕಡೆಯ ಕಿಟಕಿಯ ಪಕ್ಕ ಹೋಗಿ ಕೂತಳು.

ಹೋದ ವರ್ಷ ಮ್ಯಾನೇಜರು ಫೋನ್ ಮಾಡಿದರು. ನಂಬರು ಬದಲಾಗಿತ್ತು, ದನಿ ಗೊತ್ತಾಯಿತು. "ಈಗ ಕಂಟೇನರ್ ಬೇಕಾದಷ್ಟು ಸಿಗ್ತಿದಾವೆ ಮೇಡಂ. ಆ ಹೋಬಳೀಲಿ ನಿಮ್ಮ ಮಾತು ಜನ ಕೇಳ್ತಾರೆ, ವಾಪಸ್ ಬನ್ನಿ" ಎಂದರು. ಹಳೆಯದನ್ನು ಎತ್ತಲೇ ಇಲ್ಲ.

"ಕಂಟೇನರ್ ಸಿಗದಿದ್ರೆ ನಷ್ಟ ಕಂಪನಿದು ಅಂತ ಅಗ್ರಿಮೆಂಟಲ್ಲಿ ಒಂದು ಸಾಲು ಸೇರಿಸ್ತೀರಾ?" ಎಂದು ಕೇಳಿದೆ.

"ಅದೆಲ್ಲ ಹೆಡ್ ಆಫೀಸ್ ವಿಷ್ಯ ಮೇಡಂ" ಎಂದರು.

ಫೋನ್ ಇಟ್ಟ ಮೇಲೆ ನಾನು ಐದೂ ಹಳ್ಳಿಗಳ ಪರಿಚಯದವರಿಗೆ ಒಬ್ಬೊಬ್ಬರಾಗಿ ಫೋನ್ ಮಾಡಿದೆ. ಬೀಜ ತಂದವರನ್ನು ಈ ಒಂದು ಸಾಲು ಕೇಳಿ, ಬರೆದುಕೊಡದೆ ಪ್ಯಾಕೆಟ್ ಮುಟ್ಟಬೇಡಿ ಎಂದೆ. ಎರಡು ಊರುಗಳಲ್ಲಿ ಕೇಳಿದರಂತೆ. ಬಂದ ಹುಡುಗ ಬೀಜದ ಚೀಲ ಹಾಗೇ ವಾಪಸು ತೆಗೆದುಕೊಂಡು ಹೋದನಂತೆ. ಉಳಿದ ಮೂರು ಊರಿನವರು, ಈಗ ಎಲ್ಲ ಸರಿಹೋಗಿದೆಯಲ್ಲ ಬಿಡಮ್ಮ ಎಂದರು. ಅಲ್ಲಿ ಈಗ ಬಳ್ಳಿ ಹಬ್ಬಿದೆ, ಹೆಂಗಸರು ದಿನಾ ಬಗ್ಗಿ ಕೀಳುತ್ತಿದ್ದಾರೆ, ಸಂಜೆ ಲಾರಿ ಬರುತ್ತಿದೆ.